ಇಟ್ಟಿಗೆ

ಪ್ರಶ್ನೆ ಒಂದೇ: ಇಟ್ಟಿಗೆಯಿಂದ ಏನೇನು ಮಾಡಬಹುದು?
ಎಂಟು ನಿಮಿಷ. ಆಮೇಲೆ ಪೆನ್ಸಿಲು ಕೆಳಗೆ.

ಬಿತೊಮ್ ಊರಿನ ಗಣಿಯೋಣಿಯ ಶಾಲೆಯಿಂದ
ನಲವತ್ತೆರಡು ಹಾಳೆ, ಅಂಚಿಗೆಲ್ಲ ಮಸಿ ಬೆರಳು.
ಕ್ರಾಕೋವಿನಿಂದಲೂ ಅಷ್ಟೇ,
ಅವಕ್ಕೆ ಸಾಬೂನಿನ ವಾಸನೆ.
ನಾನು ಎಣಿಸುವವಳು,
ಇನ್‌ಸ್ಟಿಟ್ಯೂಟಿನ ನೆಲಮಾಳಿಗೆಯಲ್ಲಿ, ಗಂಟೆಯ ಲೆಕ್ಕದ ಕೂಲಿಗೆ.

ಮೊದಲ ಸಲ ಬರೀ ತಲೆಯೆಣಿಕೆ:
ಎಷ್ಟು ಉತ್ತರವೋ ಅಷ್ಟು ಅಂಕ.
ಸೆವೆರಿನ್ ಮನೆಗೋಡೆ ಕಟ್ಟಿದ, ಶಾಲೆಯ ಗೋಡೆ, ಜೈಲಿನ ಗೋಡೆ,
ಹಂದಿಗೂಡಿನ ಗೋಡೆ,
ಕಟ್ಟುತ್ತ ಕಟ್ಟುತ್ತ ಹತ್ತೊಂಬತ್ತು ಮುಟ್ಟಿದ.
ಅವನೇ ಮೊದಲಿಗ.

ಎರಡನೆಯ ಸಲ ಅಪರೂಪದ ಲೆಕ್ಕ:
ನೂರಕ್ಕೆ ಐದು ಮಂದಿಗೂ ಮೀರಿ ಹೊಳೆದಿದ್ದರೆ ಸೊನ್ನೆ,
ಇಡೀ ಕಟ್ಟಿನಲ್ಲಿ ಒಬ್ಬರಿಗೇ ಹೊಳೆದಿದ್ದರೆ ಎರಡು.
'ಇಟ್ಟಿಗೆಯನ್ನು ಮದುವೆಯಾಗಬಹುದು.'
ಎರಡು ಕೊಟ್ಟೆ. ಸೆವೆರಿನ್‌ಗೆ ಸೊನ್ನೆಗಳ ಸರ.

ಮೂರನೆಯದಕ್ಕೆ ಬಲ್ಲವರು ಮೂವರು ಬಂದರು:
ಮಡಕೆ ಮಾಡುವವಳು, ಸೇತುವೆಗಳ ಇಂಜಿನಿಯರು,
ನಾಟಕದ ರಂಗಸಜ್ಜಿಕೆಯ ಒಬ್ಬ ಮುದುಕ.
ಪರಸ್ಪರ ಮಾತಾಡಕೂಡದು. ಒಂದರಿಂದ ಏಳರವರೆಗೆ
ಮನಸ್ಸಿಗೆ ಬಂದದ್ದು ಬರೆಯಬೇಕು.
ಬರೆದರು. ಮೂವರ ಅಂಕವೂ ಹೆಚ್ಚುಕಡಿಮೆ ಒಂದೇ,
ಬಾಗಿಲ ಬಳಿ ಬಿಟ್ಟ ಅವರ ಬೂಟುಗಳ ಹಾಗೆ.

ಒತಿಲಿಯಾ, ಒಂಬತ್ತು ವರ್ಷ, ಬಿತೊಮ್, ಬರೆದದ್ದು:
'ಒಲೆಯಲ್ಲಿ ಕಾಯಿಸಿ, ಹರಿದ ಸ್ವೆಟರಿನಲ್ಲಿ ಸುತ್ತಿ
ಸ್ಟಾರ್ಕಾಳ ಪಾದದ ಹತ್ತಿರ ಇಡಬಹುದು.'
ಅಲ್ಲಿ ಅಜ್ಜಿಗೆ ಸ್ಟಾರ್ಕಾ ಅನ್ನುತ್ತಾರೆ.
ಆ ಓಣಿಯಲ್ಲಿ ಹದಿನಾಲ್ಕು ಮಕ್ಕಳ ಅಜ್ಜಿಯರಿಗೆ
ಪಾದ ತಣ್ಣಗಾಗುತ್ತದೆ.
ಸೊನ್ನೆ.

ಕ್ರಾಕೋವಿನ ಕಟ್ಟಿನಲ್ಲಿ ಅದೇ ಮಾತು ಒಬ್ಬನೇ ಬರೆದಿದ್ದ.
ಎರಡು.
ಕಣ್ಣುಜ್ಜಿಕೊಂಡೆ. ಕಟ್ಟುಗಳೆರಡನ್ನೂ ಬೆರೆಸಿ ಮತ್ತೆ ಎಣಿಸಿದೆ:
ಅವನದೂ ಸೊನ್ನೆಯಾಯಿತು.
ಒತಿಲಿಯಾಳದು ಇದ್ದಲ್ಲೇ ಇತ್ತು.

ಮುದುಕ ಅವಳಿಗೆ ಆರು ಹಾಕಿದ್ದ, ಹೊಡೆದು ನಾಲ್ಕು ಮಾಡಿದ್ದ.
ಕೇಳಬೇಕೆನಿಸಿತು. ಕೇಳುವಂತಿಲ್ಲ.

ಹಾಳೆಯ ಕೆಳಗೆ, ಎಂಟು ನಿಮಿಷ ಮುಗಿದ ಮೇಲೆ ಇರಬೇಕು,
ಅಕ್ಷರ ಓಡುತ್ತಿವೆ:
'ಬೆಳಿಗ್ಗೆ ಅದು ಮತ್ತೆ ಬರೀ ಇಟ್ಟಿಗೆ.
ಅದಕ್ಕೇ ನಾವು ಅದಕ್ಕೆ ಹೆಸರಿಟ್ಟಿಲ್ಲ.'

ಇದು ಉಪಯೋಗವಲ್ಲ. ಇದಕ್ಕೆ ಕಾಲಂ ಇಲ್ಲ.
ಪಕ್ಕದಲ್ಲೊಂದು ಚುಕ್ಕೆ ಇಟ್ಟೆ, ಅಳಿಸಬಹುದಾದಷ್ಟು ಮೆಲ್ಲಗೆ,
ಮುಂದಿನ ಹಾಳೆ ತೆಗೆದೆ.

'ಗೋಡೆ ಕಟ್ಟಬಹುದು.'