ತೋಳಿನ ಅಳತೆ

ಗುರುವಾರ ಸಂಜೆ, ಹೋಫ್ಸೋಸಿನ ಚರ್ಚಿನ ಹಿಂದಿನ ಕೋಣೆಯಲ್ಲಿ
ನಾವು ಏಳು ಜನ, ಒಂದು ಕಾಫಿ ಕೆಟಲು.
ಮಾಡಿದ್ದನ್ನು ಮೇಜಿನ ಮೇಲೆ ಹರಡಬೇಕು,
ಯಾರಿಗೆಂದು ಹೇಳಬೇಕು. ಅಷ್ಟೇ ನಿಯಮ.

ಸ್ಟೇನ್ವೋರ್ ಮೊಮ್ಮಗುವಿಗೆಂದು ಕ್ರೋಶದ ಹೊದಿಕೆ ತಂದಿದ್ದಳು,
ಮಗು ಹುಟ್ಟಲು ಇನ್ನೂ ನಾಲ್ಕು ತಿಂಗಳು.
ಡಾಗ್ನಿಯ ಗಂಡ ಎರಡು ಜೊತೆ ಕೈಗವಸು ಸಮುದ್ರಕ್ಕೆ ಕೊಟ್ಟು ಬಂದಿದ್ದ;
ಮೂರನೆಯದಕ್ಕೆ ಅವಳು ಉದ್ದ ಹುರಿ ಹೆಣೆದಿದ್ದಳು
ಕೊರಳಿಗೆ ನೇತುಹಾಕಲು, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ.
ನಕ್ಕೆವು.
"ನಿನ್ನ ತಮ್ಮನ ಸ್ವೆಟರು ಹೇಗಿದೆ?"
"ಇದೆ" ಎಂದೆ.

ಇತ್ತು. ಅವನ ಬೀರುವಿನ ಮೇಲಿನ ಖಾನೆಯಲ್ಲಿ,
ಮೂರು ವರ್ಷದಿಂದ, ಮಡಿಕೆ ಮುರಿಯದೆ.

ಐವತ್ತು ತುಂಬಿದಾಗ ಕೊಟ್ಟದ್ದು.
ಬೆಳಕು ಬಂದ ಹಾಗೆ ಮಾಡಿ ಹೊರಟುಹೋಗುವ ನವೆಂಬರಿನಲ್ಲಿ ಶುರು.
ನಮ್ಮದೇ ಕುರಿಗಳ ಉಣ್ಣೆ, ಬಣ್ಣ ಹಾಕದ್ದು:
ಬೂದು, ಕಪ್ಪು, ಮತ್ತೆ ಆ ಮುದಿ ಟಗರಿನ ಕೆನೆಬಿಳಿ.
ಕತ್ತಿನ ಸುತ್ತ ಚೂಪು ಚೂಪು ಬೆಟ್ಟಗಳು.
ಒಂದು ಕುಣಿಕೆ ತಪ್ಪಿತೆಂದು ಹನ್ನೆರಡು ಸುತ್ತು ಬಿಚ್ಚಿದೆ.
ಬೇರೆಯವರಿಗೆ ಕಾಣುತ್ತಿರಲಿಲ್ಲ. ನನಗೆ ಗೊತ್ತಿತ್ತಲ್ಲ.
ಥೋರ್ಗಿಲ್ಸ್ ಒಮ್ಮೆ ಕೈಯಾಡಿಸಿದ.
"ಚೆನ್ನಾಗಿದೆ" ಎಂದ. ಮಡಿಚಿದ.

ಆಮೇಲೆ ಮೂರು ಚಳಿಗಾಲ ಕಿಟಕಿಯಿಂದ ನೋಡಿದ್ದೇನೆ:
ಅದೇ ನೈಲಾನ್ ಕೋಟು, ಜಿಪ್ಪು ಕೆಟ್ಟದ್ದು.
ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ರೂಢಿಯಿಲ್ಲ,
ಕೇಳುವ ಬದಲು ಇನ್ನೊಂದು ಸೌಟು ಸಾರು ಬಡಿಸುತ್ತೇವೆ.
ಸೌಟನ್ನು ಸ್ವಲ್ಪ ಕುಕ್ಕಿ ಇಡುತ್ತಿದ್ದೆ, ನಿಜ.

ಐಸ್‌ಲ್ಯಾಂಡಿನ ಮೇ ತಿಂಗಳನ್ನು ನಂಬುವ ಹಾಗಿಲ್ಲ.
ಕುರಿ ಈಯುವ ಕಾಲ; ನಡುರಾತ್ರಿ ಬೆಳಕೂ ಇತ್ತು, ಹಿಮವೂ ಬೀಳುತ್ತಿತ್ತು.
ಫ್ಲಾಸ್ಕು ಹಿಡಿದು ಕೊಟ್ಟಿಗೆಗೆ ಹೋದರೆ
ಮೂಲೆಯಲ್ಲಿ ನನ್ನ ಬೆಟ್ಟಗಳು ನಡುಗುತ್ತಿದ್ದವು.
ಕತ್ತಿನಿಂದ ಹೊರಗೊಂದು ಒದ್ದೆ ಮೂತಿ,
ತೋಳುಗಳೊಳಗೆ ಹೆಣಿಗೆ ಕಡ್ಡಿಯಂಥ ಎರಡು ಕಾಲು,
ಉಳಿದ ತೋಳೆಲ್ಲ ಹುಲ್ಲಿನಲ್ಲಿ ಎಳೆದಾಡುತ್ತ.
ರಕ್ತ, ಮಾಸು, ಗಂಜಳ.
ನನ್ನ ನವೆಂಬರು. ನನ್ನ ಡಿಸೆಂಬರು.

ಕೂಗಲು ಬಾಯಿ ತೆರೆದೆ.
"ಶ್ಶ್" ಎಂದ, ನನ್ನತ್ತ ನೋಡದೆ.
ಮರಿ ಸತ್ತ ಕುರಿಯೊಂದು ಆಚೆ ನಿಂತಿತ್ತು.
ಸತ್ತದ್ದರ ಮೈಯನ್ನು ಆ ಉಣ್ಣೆಗೆ ಉಜ್ಜಿ ಉಜ್ಜಿ
ಈ ತಬ್ಬಲಿಗೆ ತೊಡಿಸಿದ್ದ.
ಕುರಿ ಮೂಸಿತು. ಹಿಂದೆ ಸರಿಯಿತು. ಗೊರಸು ಕುಟ್ಟಿತು.
ಮತ್ತೆ ಮೂಸಿತು, ಕತ್ತಿನ ಬಳಿ,
ಹನ್ನೆರಡು ಸುತ್ತು ಬಿಚ್ಚಿ ಹೆಣೆದ ಜಾಗದಲ್ಲಿ.
ಆಮೇಲೆ ಅವಳು ನೆಕ್ಕತೊಡಗಿದಳು.

ಕಾಫಿ ಆರಿತ್ತು. ಕುಡಿದೆವು.
"ನೀನು ಒಂದು ದಿನವಾದರೂ..."
"ತುರಿಸುತ್ತದೆ."
"ಏನು?"
"ಉಣ್ಣೆ. ಮೈಗಾಗುವುದಿಲ್ಲ. ಚಿಕ್ಕಂದಿನಿಂದ."

ನಾನೂರು ಕುರಿಗಳ ಒಡೆಯ!
ಅಮ್ಮನ ಸ್ವೆಟರು, ಅಜ್ಜಿಯ ಕಾಲುಚೀಲ, ನನ್ನ ಮೊದಲ ಸೊಟ್ಟ ಟೋಪಿ,
ಎಲ್ಲ ತೊಟ್ಟು ಕೆಂಪಗೆ ಕೂತಿರುತ್ತಿದ್ದವನನ್ನು
ನಾವು ನಾಚಿಕೆಯ ಹುಡುಗ ಅಂದುಕೊಂಡಿದ್ದೆವು.

ನಿನ್ನೆ ಗುರುವಾರ ಅದನ್ನು ಮೇಜಿನ ಮೇಲೆ ಹರಡಿದೆ.
ಎರಡು ಸಲ ಒಗೆದರೂ ವಾಸನೆ ಹೋಗಿಲ್ಲ, ಹೋಗಬಾರದೇನೋ.
ತೋಳನ್ನು ಗೇಣುದ್ದಕ್ಕೆ ಬಿಚ್ಚಿ ಮುಗಿಸಿದ್ದೇನೆ,
ಹೊಟ್ಟೆಯ ಕಡೆ ಸೀಳು, ಮೂರು ಗುಂಡಿ.
ಡಾಗ್ನಿ ಮೂಗು ಮುಚ್ಚಿಕೊಂಡಳು.
"ಯಾರಿಗೆ?"
"ಇನ್ನೂ ಹುಟ್ಟಿಲ್ಲ" ಎಂದೆ.
ಸ್ಟೇನ್ವೋರ್ ತನ್ನ ಹೊದಿಕೆಯನ್ನು ತುಸು ಆಚೆ ಸರಿಸಿದಳು.

ಥೋರ್ಗಿಲ್ಸ್‌ಗೆಂದು ಹತ್ತಿ ನೂಲು ತರಿಸಿದ್ದೇನೆ, ನೀಲಿ.
ಕಡ್ಡಿಯಿಂದ ಜಾರುತ್ತದೆ, ಹೇಳಿದ ಮಾತು ಕೇಳುವುದಿಲ್ಲ.
ಇಷ್ಟು ವರ್ಷ ಅಪ್ಪನ ಅಳತೆಗೇ ಹೆಣೆಯುತ್ತಿದ್ದೆ.
ಈ ಸಲ ಟೇಪು ತಂದೆ.
ಅವನು ಅಡುಗೆಮನೆಯ ನಡುವೆ ತೋಳು ಚಾಚಿ ನಿಂತ,
ಉಸಿರು ಬಿಗಿಹಿಡಿದು.

ಎರಡು ಅಂಗುಲ ಗಿಡ್ಡ.