ತಲೆ ಎಣಿಕೆ

ಎದೆಯ ಬಿಲ್ಲೆಯಲ್ಲಿ 'ಗುರುಬಸವ್ವ' ಹಿಡಿಸಲಿಲ್ಲ.
ಕ್ಯಾಂಪಿನ ಒಡತಿ ಅರ್ಸೆಲಾಬಾಯಿ ಕತ್ತರಿ ಆಡಿಸಿ
'ಗುರು' ಅಂತಷ್ಟೇ ಉಳಿಸಿದಳು.
ಮಕ್ಕಳನ್ನು ಬಿಡಲು ಸ್ಕೂಟರಿನಲ್ಲಿ ಬಂದ ರಷ್ಯನ್ ತಾಯಂದಿರು
ಬಿಲ್ಲೆ ಓದಿ, ಹೆಲ್ಮೆಟ್ಟು ತೆಗೆದು, ನನಗೆ ಕೈ ಮುಗಿದರು.
ಒಬ್ಬಳಂತೂ ಬೆನ್ನುನೋವಿಗೆ ಯಾವ ಆಸನ ಎಂದಳು.
ನಮ್ಮ ಝುವಾರಿನಗರದಲ್ಲಿ ಬೆನ್ನು ನೊಂದರೆ
ನೀರು ಹೊರುವುದನ್ನು ಎರಡು ದಿನ ತಂಗಿಗೆ ವಹಿಸುತ್ತಾರೆ.
ಇಂಗ್ಲಿಷಿನಲ್ಲಿ ಅದನ್ನು ಹೇಳಲು ಬಾರದೆ ನಕ್ಕೆ.

ಮೋರ್ಜಿಂ, ಏಪ್ರಿಲ್.
ಸೀಸನ್ ಮುಗಿದು ಶ್ಯಾಕುಗಳ ತಟ್ಟಿ ಬಿಚ್ಚುತ್ತಿದ್ದರು.
ತಮ್ಮ ದೇಶಕ್ಕೆ ಮರಳದೆ ಉಳಿದವರ ಮಕ್ಕಳು, ಇಪ್ಪತ್ತೆರಡು.
ಯಾಕೆ ಮರಳಲಿಲ್ಲವೆಂದು ಕೇಳಬೇಡ:
ಅರ್ಸೆಲಾಬಾಯಿಯ ಮೊದಲ ನಿಯಮ.
ಎರಡನೆಯದು, ಗಂಟೆಗೊಮ್ಮೆ ತಲೆ ಎಣಿಸು.
ಮೂರನೆಯದು ಗೇರುಬೀಜ. ಜ್ಲಾತಾಳ ಮೈಗೆ ಅದು ಆಗದು.
ಟೆಂಟು ಹೊಡೆದದ್ದು ಗೇರುಮರದ ಕೆಳಗೇ.

ಕೊಂಕಣಿಯಲ್ಲಿ ನನಗೆ ಬರುವುದು ಮೀನಿನ ಲೆಕ್ಕ,
ಹಿಂದಿಯಲ್ಲಿ ಬಸ್ಸಿನ ಚಿಲ್ಲರೆ.
ಅಂಜಿಕೆಯಾದಾಗ ಮಾತ್ರ ಕನ್ನಡ.
ನೀರಿಗಿಳಿದ ಮಕ್ಕಳನ್ನು ದಂಡೆಯಲ್ಲಿ ನಿಂತು
ಒಂದ, ಎರಡ, ಮೂರ, ನಾಕ...
ಒಂದು ತೆರೆ ಬಂದರೆ ಆರು ತಲೆ ಅಳಿಸಿಹೋಗುತ್ತವೆ
ಪಾಟಿಯ ಮೇಲೆ ಅಂಗೈ ಎಳೆದ ಹಾಗೆ.
ಮತ್ತೆ ಒಂದ, ಎರಡ.

ಮೂರನೆಯ ದಿನಕ್ಕೆ ಮಿರೋನ್ ಕಲಿತುಬಿಟ್ಟಿದ್ದ.
ಏಳು ವರ್ಷದವ, ಮುಂದಿನ ಎರಡು ಹಲ್ಲಿಲ್ಲ,
'ಮೂರ'ದ ಕೊನೆಯನ್ನು ಉರುಳಿಸುತ್ತಿದ್ದ
ಎತ್ತು ಹೊಡೆಯುವ ನನ್ನಜ್ಜನ ಹಾಗೆ.
ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದವನೂ ಅವನೇ.
ನಸುಕಿನಲ್ಲಿ ಚಾದರ ಹಿಂಡಿದ್ದನ್ನು ನಾನು ಯಾರಿಗೂ ಹೇಳಲಿಲ್ಲ.
ಆಮೆಗೂಡಿನ ಬೇಲಿಯ ಹತ್ತಿರ ನಾನು ಕೂತು ಅತ್ತಿದ್ದನ್ನು
ಅವನೂ ಹೇಳಲಿಲ್ಲ.
(ಗೇಟಿನ ಹುಡುಗ ಕೇಳಿದ್ದ: ನೀ ಘಾಟಿಯಲ್ಲ?
ಇಲ್ಲಿಗೆ ಯಾವಾಗ ಬಂದಿ, ಯಾವಾಗ ಹೋಗತಿ?
ನಾನು ಹುಟ್ಟಿದ್ದು ಚಿಖಲಿಯ ದವಾಖಾನೆಯಲ್ಲಿ,
ಇಲ್ಲಿಂದ ಎರಡು ಬಸ್ಸು.)

ಏಳನೆಯ ರಾತ್ರಿ ಇಪ್ಪತ್ತೊಂದು.
ಟಾರ್ಚು ಹಾಕಿ ಇನ್ನೊಮ್ಮೆ. ಇಪ್ಪತ್ತೊಂದು.
ಸಮುದ್ರದ ಕಡೆ ಓಡಿದೆ, ಸೀಟಿ ಬಾಯಲ್ಲಿತ್ತು, ಉಸಿರಿರಲಿಲ್ಲ.
ಬೇಲಿಯ ಫಲಕದ ಮೇಲೆ ಅರಣ್ಯದವರ ಬರಹ:
ಮೊಟ್ಟೆ ನೂರಾ ಹನ್ನೆರಡು.
ಮರಳಿನ ಕೆಳಗಿನದನ್ನೂ ಎಣಿಸಿಟ್ಟಿದ್ದಾರೆ ಇವರು.

ಅವನು ಸಿಕ್ಕಿದ್ದು ಅಡುಗೆಮನೆಯ ಹಿಂದೆ,
ಪಾತ್ರೆ ತೊಳೆಯುವ ಇಳಕಲ್ಲಿನ ಹಣಮವ್ವನ ಎದುರು.
ಒಂದು ಕೈಯಲ್ಲಿ ತಣ್ಣನೆಯ ರೊಟ್ಟಿ,
ಇನ್ನೊಂದರಿಂದ ತಾಟುಗಳನ್ನು ಅವಳಿಗೆ ಎಣಿಸಿ ಕೊಡುತ್ತಿದ್ದ.
"ಹದಿನೇಳರ ಮುಂದ ಇವಂಗ ಬರೂದಿಲ್ಲವಾ,
ಮತ್ತ ಒಂದರಿಂದ ಹಚ್ಚತಾನು."
ಗಲ್ಲಕ್ಕೆ ಶೇಂಗಾ ಚಟ್ನಿ. ಎದೆ ಝಲ್ಲೆಂದಿತು;
ಆಮೇಲೆ ನೆನಪಾಯಿತು, ಪಥ್ಯ ಜ್ಲಾತಾಳದು, ಇವನದಲ್ಲ.
ಬೈಯಲೇಬೇಕಿತ್ತು. ಯಾವ ಭಾಷೆ ಹುಡುಕಲಿ?
ಪಕ್ಕದಲ್ಲಿ ಕೂತು 'ಹದಿನೆಂಟು' ಎಂದೆ.

ಆಮೆಮರಿಗಳು ಹೊರಬರುತ್ತವೆಂದು ಒಂದು ರಾತ್ರಿಯೆಲ್ಲ ಕಾದೆವು.
ಬರಲಿಲ್ಲ. ಸೊಳ್ಳೆ ಬಂದವು.

ಕೊನೆಯ ದಿನ ಮಿರೋನನ ತಾಯಿ, ಅದೇ ಬೆನ್ನುನೋವಿನವಳು,
ವೀಸಾ ಮುಗಿಯಿತೆಂದಳು, ಜೂನಿನಲ್ಲಿ ಹೊರಡಬೇಕಂತೆ.
ಎಲ್ಲಿಗೆ ಎಂದು ನಾನು ಕೇಳಲಿಲ್ಲ. ನಿಯಮ.
ಅರ್ಮೇನಿಯಾ ಅಥವಾ ಶ್ರೀಲಂಕಾ, ಅವಳೇ ಅಂದಳು,
ಯಾವುದು ಸೋವಿಯೋ ಅದು.
ಸ್ಕೂಟರಿನ ಹಿಂದೆ ಕೂತವನು ಕೈ ಬೀಸಲಿಲ್ಲ.
ತುಟಿ ಅಲುಗುತ್ತಿದ್ದವು, ಕರೆಂಟಿನ ಕಂಬಗಳಿರಬೇಕು.

ಪಣಜಿಯಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟಿದೆ.
ಅವ್ವ ಪಗಾರ ಎಣಿಸಿದಳು, ಹನ್ನೊಂದು ಸಾವಿರ,
ಉಗುಳು ಹಚ್ಚಿ ಎರಡೆರಡು ಸಲ.
ನಾನು ಮಿರೋನನ ಮಾತು ತೆಗೆದೆ. ಅವಳು ಬೇರೆಯೇ ಹೇಳಿದಳು:
"ಬೈನಾ ಒಡದ ವರ್ಷ, ನೀ ಬಗಲಾಗಿನ ಕೂಸು,
ಬುಲ್ಡೋಜರ್ ಮುಂದ ನಿಂತು ಎಣಿಸಿದ್ಯಾ.
ಮಕ್ಕಳು ಮೂರು ಬರೋಬ್ಬರಿ ಇದ್ವು.
ಕೊಡ ಒಂದು ಹೆಚ್ಚಿಗಿ ಬಂದಿತ್ತು.
ಯಾರದಂತ ಇವತ್ತಿಗೂ ತಿಳೀಲಿಲ್ಲ."

ಹಿತ್ತಾಳೆಯ ಕೊಡ, ಕಂಠದಲ್ಲಿ ನೆಗ್ಗು, ಮೂಲೆಯಲ್ಲೇ ಇದೆ.
ನಾಳೆ ನಸುಕಿನ ನಳಕ್ಕೆ ಅದನ್ನು ನಾನೇ ಒಯ್ಯಬೇಕು.
ತಂಗಿಗೆ ಬೆನ್ನುನೋವು.