ಮುಳ್ಳಿನ ಬೆನ್ನು ಹತ್ತಬ್ಯಾಡ

ಸಾಂಬ್ರಾದ ರನ್‌ವೇ ಮೇಲೆ ಸುಮ್ಮನೆ ನಿಂತಾಗಲೇ
ಮುಳ್ಳು ಎರಡೂವರೆ ಸಾವಿರ ಅಡಿ ತೋರಿಸುತ್ತದೆ.
ಬೆಳಗಾವಿಯ ಹಮ್ಮು ಅದು,
ಏರುವ ಮೊದಲೇ ಒಂದಿಷ್ಟು ಏರಿ ಕೂತಿರುವುದು.

ಏಪ್ರಿಲ್ಲು. ಹನ್ನೆರಡೂವರೆ.
ಈ ಹೊತ್ತಿಗೆ ಯಾರೂ ಹಾರುವುದಿಲ್ಲ.
ಬೆಳಗಿನ ಪಾಳಿಯವರು ತಂಪಿನಲ್ಲೇ ಹೋಗಿ ಬಂದು
ಕ್ಯಾಂಟೀನಿನಲ್ಲಿ ಚುರುಮುರಿ ಮುಕ್ಕುತ್ತಿದ್ದಾರೆ.
ಚೌಗುಲೆ ಸರ್ ಬೇಕಂತಲೇ ಆರಿಸಿದ್ದು ಇದನ್ನ:
"ಗಾಳಿ ಅಂದ್ರ ಏನಂತ ಒಮ್ಮೆ ತಿಂದು ನೋಡು, ಬನಶಂಕರಿ."

ನಾಲ್ಕೂವರೆ ಸಾವಿರ. ಇಲ್ಲೇ ನಿಲ್ಲು, ಅಂದರು.
ನಿಲ್ಲುವುದೆಂದರೆ ಎಷ್ಟೊಂದು ಕೆಲಸ!
ಇಟ್ಟಂಗಿ ಭಟ್ಟಿಯ ಮೇಲೆ ಬಂದದ್ದೇ ತಡ
ಕೆಳಗಿನಿಂದ ಯಾರೋ ಮೊಣಕಾಲಲ್ಲಿ ಗುದ್ದಿದಂತಾಗಿ
ಇನ್ನೂರು ಅಡಿ ಮೇಲೆ. ಮೂತಿ ಒತ್ತಿದೆ.
ಅಷ್ಟರಲ್ಲಿ ಕಬ್ಬು, ನೀರುಂಡ ಹಸಿರು,
ತಳವಿಲ್ಲದ ಬಾವಿ.
ಹೊಟ್ಟೆ ಗಂಟಲಿಗೆ ಬಂತು. ಜಗ್ಗಿದೆ.
ನಾನು ಒತ್ತುವಾಗ ಅದು ಇಳಿಯುತ್ತಲೇ ಇತ್ತು,
ಜಗ್ಗುವಾಗ ಏರುತ್ತಲೇ ಇತ್ತು,
ನಿನ್ನೆಯ ಬೈಗುಳಕ್ಕೆ ಇವತ್ತು ಉತ್ತರ ಕೊಡುವ
ನಮ್ಮ ಓಣಿಯ ಜಗಳದ ಹಾಗೆ.

"ಮುಳ್ಳಿನ ಬೆನ್ನು ಹತ್ತಬ್ಯಾಡ.
ಅದು ಆಗಿಹೋದದ್ದನ್ನ ಹೇಳ್ತದ.
ಮೊದಲ ವೇಗ ಇಳಸು, ರೆಕ್ಕಿಗೂ ಎಲುಬು ಅದಾವ.
ಆಮ್ಯಾಲೆ ಮುಂದ ನೋಡು,
ಆಕಾಶ ನೆಲಾ ಮುಟ್ಟೂ ಗೆರಿ ಅದ ಅಲ್ಲ,
ಮೂತಿ ಅಲ್ಲಿಟ್ಟು ಸುಮ್ಮನ ಕೂಡು.
ನೂರು ಅಡಿ ಏರ್ತದ, ಏರ್ಲಿ.
ಇಳೀತದ, ಇಳೀಲಿ."

ಎಂಜಿನ್ನಿನ ದನಿ ತಗ್ಗಿಸಿದೆ. ತೊಂಬತ್ತು.
ಗೆಣ್ಣುಗಳು ಇನ್ನೂ ಬೆಳ್ಳಗೇ ಇದ್ದವು.
ಸರ್ ನನ್ನ ಬೆರಳು ಬಿಡಿಸತೊಡಗಿದರು,
ಕಿರುಬೆರಳು, ಅದರ ಪಕ್ಕದ್ದು, ನಡುವಿನದು.
ಉಳಿದದ್ದು ತೋರುಬೆರಳು, ಹೆಬ್ಬೆರಳು.
"ಬಿಸಿ ಚಹಾದ ಬಶಿ ಹೆಂಗ ಹಿಡೀತಿ? ಹಂಗ."

ವಡಗಾವಿಯ ಮನೆಯಲ್ಲಿ
ಮಗ್ಗದ ಪಕ್ಕದ ಚಾಪೆಯ ಮೇಲೆ ಬೆಳೆದವಳು ನಾನು.
ಗೋಡೆ, ಗಡಿಗೆ, ದೇವರ ಫೋಟೋ ಎಲ್ಲ ನಡುಗುವಾಗ
ಗಾಢ ನಿದ್ದೆ.
ಕರೆಂಟು ಹೋಗಿ ಮಗ್ಗ ನಿಂತಾಗಲೇ
ಬೆಚ್ಚಿ ಎದ್ದು ಅಳುತ್ತಿದ್ದೆನಂತೆ.
ಇಷ್ಟು ಗೊತ್ತಿದ್ದೂ
ಇವತ್ತು ನಡುಕಕ್ಕೇಕೆ ಹೆದರಿದೆ?

ಗಾಳಿ ಸುಧಾರಿಸಲಿಲ್ಲ, ಅದರ ಪಾಡಿಗೆ ಅದು.
ಹಿಡಕಲ್ಲಿನ ನೀರು ನಮ್ಮನ್ನು ಕೆಳಗೆ ಹೀರಿತು,
ದಂಡೆಯ ಕರಿಬಂಡೆ ಮತ್ತೆ ಎತ್ತಿ ಕೊಟ್ಟಿತು.
ನಾನು ಗೆರೆ ನೋಡುತ್ತಿದ್ದೆ.
ನಡುವೆ ಒಮ್ಮೆ ಕಾಗದದ ಚೀಲ ಬೇಕಾಯಿತು,
ಬೆಳಗಿನ ಉಪ್ಪಿಟ್ಟು, ಅರ್ಧ ಬಟ್ಟಲು ಮಜ್ಜಿಗೆ.
ತೋಳಿಗೆ ಬಾಯಿ ಒರೆಸಿಕೊಂಡೆ,
ಇನ್ನೊಂದು ಕೈಯ ಎರಡು ಬೆರಳು ಅಲ್ಲೇ ಇದ್ದವು.
ಸರ್ ಕಿಟಕಿಯಾಚೆ
ಏನೋ ಮಹತ್ವದ್ದನ್ನು ನೋಡುತ್ತಿದ್ದರು.

ಇಳಿದ ಮೇಲೆ ಪುಸ್ತಕದಲ್ಲಿ ಬರೆದರು:
ಎತ್ತರ, ನೂರೈವತ್ತು ಅಡಿ ಆಚೆ ಈಚೆ.
ಗಾಳಿ, ಕೆಟ್ಟದ್ದು.
ಕೈ,
ಅಂತ ಬರೆದು ಪೆನ್ನು ಎತ್ತಿದರು, ಒಂದು ಗಳಿಗೆ,
ಆಮೇಲೆ ಏನೂ ಬರೆಯದೆ ಸಹಿ.

ಸಂಜೆ ಊರಿನ ಬಸ್ಸು, ನಿಲ್ಲಲಷ್ಟೇ ಜಾಗ.
ಮೊದಲ ತಗ್ಗಿಗೇ ಎಲ್ಲರೂ ಒಬ್ಬರ ಮೇಲೊಬ್ಬರು,
ಒಬ್ಬಾಕೆಯ ಚೀಲದಿಂದ ಬದನೆಕಾಯಿ ಉರುಳಿದವು.
ನಾನು ಮೇಲಿನ ರಾಡನ್ನು ಎರಡೇ ಬೆರಳಲ್ಲಿ ಹಿಡಿದು
ಮುಂದಿನ ಗಾಜಿನಾಚೆಯ ಗೆರೆ ಹುಡುಕುತ್ತಿದ್ದೆ.
"ಏ ತಂಗಿ, ಗಟ್ಟಿ ಹಿಡಕೋ!" ಅಂದ ಕಂಡಕ್ಟರ್.

ಹಿಡಕೊಂಡೆ, ಐದೂ ಬೆರಳು.
ಇದು ಬಸ್ಸು.